ಎಣಿಸಿದವರು ಯಾರು, ಎಷ್ಟು ವರ್ಷ?

ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ಮೂತ್ರ ಜಿನುಗುತ್ತದೆ. ಇಲ್ಲವೇ ಎರಡು ಮೂರು ಹೆರಿಗೆಯಾದ ಮೇಲೆ ಗರ್ಭಕೋಶವೋ ಮೂತ್ರಕೋಶವೋ ತನ್ನ ಜಾಗ ಬಿಟ್ಟು ಕೆಳಗೆ ಜಾರುತ್ತದೆ. ಒಡಹುಟ್ಟಿದವರ ಹತ್ತಿರವೂ ಬಾಯಿ ಬಿಡದೆ ಹೆಂಗಸರು ವರ್ಷಗಟ್ಟಲೆ ಸಹಿಸಿಕೊಳ್ಳುವ ತೊಂದರೆಗಳಿವು. ಹಾಗಾಗಿ ಇವತ್ತಿನ ದಿನ ಮೊದಲ ಪ್ರಶ್ನೆ ಡಾಕ್ಟರಿಗೆ ಹೋಗುವುದಿಲ್ಲ, ಮೊಬೈಲಿಗೆ ಹೋಗುತ್ತದೆ. ಮೊಬೈಲಿಗೆ ನಾಚಿಕೆಯಿಲ್ಲ, ಮನೆಯವರಿಗೆ ಅದು ಹೇಳುವುದೂ ಇಲ್ಲ. ಆದರೆ ಅದು ಕೊಡುವ ಉತ್ತರ ಎಷ್ಟು ನೆಚ್ಚತಕ್ಕದ್ದು? ಈ ಪ್ರಶ್ನೆಗೆ ಪೆಲ್ವಿಕ್ ಮೆಶ್ ಶಸ್ತ್ರಚಿಕಿತ್ಸೆಗಿಂತ ಒಳ್ಳೆಯ ಪರೀಕ್ಷೆ ಸಿಗುವುದು ಕಷ್ಟ. ಏಕೆಂದರೆ ಈ ವಿಷಯದಲ್ಲಿ ಅಂತರ್ಜಾಲ ತಪ್ಪಿದ್ದು ಸುಳ್ಳು ಹೇಳಿದ್ದರಿಂದ ಮಾತ್ರವಲ್ಲ. ಎಷ್ಟೋ ಕಡೆ ಅದು ಆ ಹೊತ್ತಿಗೆ ನಿಜವೆಂದು ಎಲ್ಲರೂ ನಂಬಿದ್ದನ್ನೇ ಹೇಳಿತು. ತಪ್ಪು ಇದ್ದದ್ದು ಅದಕ್ಕೂ ಹಿಂದೆ, ಎಣಿಕೆಯಲ್ಲಿ.

ಮೆಶ್ ಎಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳಿಂದ ಹೆಣೆದ ಜಾಲರಿ. ಹರ್ನಿಯಾ ಆಪರೇಷನ್ನಿನಲ್ಲಿ ಅದು ಹಳೆಯ ವಸ್ತು. 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಆಸ್ಟ್ರೇಲಿಯಾದ ಪೀಟರ್ ಪೆಟ್ರೋಸ್ ಎಂಬ ವೈದ್ಯರು ಮೂತ್ರನಾಳದ ಕೆಳಗೆ ಇಂಥ ಒಂದು ಪಟ್ಟಿಯನ್ನು ಆಧಾರವಾಗಿ ಇಡುವ ವಿಧಾನವನ್ನು ಬೆಳೆಸಿದರು. ಸಣ್ಣ ಗಾಯ, ಅರ್ಧ ಗಂಟೆಯ ಕೆಲಸ, ಬೇಗ ಮನೆಗೆ. ಅದು ಗೆದ್ದದ್ದನ್ನು ಕಂಡು ಕಂಪನಿಗಳು ಇನ್ನೂ ದೊಡ್ಡ ಹಾಳೆಗಳನ್ನು ತಂದವು. ಜಾರಿದ ಅಂಗಗಳನ್ನು ಎತ್ತಿ ಹಿಡಿಯಲು ಅವನ್ನು ಯೋನಿಯ ದಾರಿಯಿಂದ ಹಾಕುವುದು ಶುರುವಾಯಿತು. ಹೊಟ್ಟೆಯ ಕಡೆಯಿಂದ ಹೋಗಿ ಬೆನ್ನೆಲುಬಿನ ತಳಕ್ಕೆ ಬಿಗಿಯುವ ಮೂರನೆಯ ಬಗೆಯೂ ಇದೆ. ವಸ್ತು ಒಂದೇ ಆದರೂ ಇವು ಮೂರು ಬೇರೆ ಬೇರೆ ಆಪರೇಷನ್ನುಗಳು. ಅಪಾಯವೂ ಬೇರೆ, ಪುರಾವೆಯ ತೂಕವೂ ಬೇರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಮಾರಾಟ ನಿಲ್ಲಿಸಿದ್ದು ಎರಡನೆಯ ಬಗೆಯನ್ನು ಮಾತ್ರ. ಇಂಗ್ಲೆಂಡ್ 2018ರ ಜುಲೈನಲ್ಲಿ ತಡೆಹಿಡಿದದ್ದು ಮೊದಲನೆಯದು, ಎರಡನೆಯದು ಎರಡನ್ನೂ. 'ಮೆಶ್ ನಿಷೇಧವಾಗಿದೆ' ಎಂದು ಒಂದೇ ಸಾಲಿನಲ್ಲಿ ಹೇಳುವ ಪುಟವೂ ಸರಿಯಿಲ್ಲ, 'ಮೆಶ್ ಸುರಕ್ಷಿತ' ಎಂದು ಒಂದೇ ಸಾಲಿನಲ್ಲಿ ಹೇಳುವ ಪುಟವೂ ಸರಿಯಿಲ್ಲ. ಯಾವ ಮೆಶ್, ಯಾವ ತೊಂದರೆಗೆ, ಯಾವ ದಾರಿಯಿಂದ ಎಂಬುದನ್ನು ಮೊದಲ ಪರದೆಯಲ್ಲೇ ಬಿಡಿಸಿ ಹೇಳದ ಪುಟವನ್ನು ಮುಂದೆ ಓದುವುದೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಆರೋಗ್ಯ ಮಾಹಿತಿಯ ಗುಣಮಟ್ಟ ಅಳೆಯುವ ಪ್ರಯತ್ನ ಹೊಸದೇನಲ್ಲ. 1990ರ ದಶಕದ ಕೊನೆಗೆ ಆಕ್ಸ್‌ಫರ್ಡ್‌ನಲ್ಲಿ 'ಡಿಸರ್ನ್' ಎಂಬ ಹದಿನಾರು ಪ್ರಶ್ನೆಗಳ ಮಾಪಕ ತಯಾರಾಯಿತು. ಪುಟದ ಉದ್ದೇಶ ಸ್ಪಷ್ಟವಾಗಿದೆಯೇ, ಮೂಲ ಹೇಳಿದೆಯೇ, ಬೇರೆ ಚಿಕಿತ್ಸೆಗಳ ಮಾತಿದೆಯೇ, ಅಪಾಯ ತಿಳಿಸಿದೆಯೇ ಎಂದು ಅದು ಕೇಳುತ್ತದೆ. ಬರೆದವರು ಯಾರು, ಯಾವಾಗ, ಯಾರ ದುಡ್ಡು ಎಂಬಷ್ಟನ್ನೇ ನೋಡುವ ಸರಳ ಮಾಪಕಗಳೂ ಇವೆ. ವಾಕ್ಯದ ಉದ್ದ, ಪದದ ಉದ್ದ ಲೆಕ್ಕ ಹಾಕಿ 'ಇದು ಎಷ್ಟನೇ ತರಗತಿಯವರಿಗೆ ಅರ್ಥವಾಗುತ್ತದೆ' ಎಂದು ಹೇಳುವ ಸೂತ್ರಗಳಿವೆ. ಅಮೆರಿಕದ ವೈದ್ಯಕೀಯ ಸಂಘ ಆರನೇ ತರಗತಿಯ ಮಟ್ಟ ಸಾಕು ಎನ್ನುತ್ತದೆ. (ವಿಭಕ್ತಿ, ಸಂಧಿ ಎಲ್ಲ ಸೇರಿ ಪದವೇ ಉದ್ದವಾಗುವ ಕನ್ನಡಕ್ಕೆ ಇಂಗ್ಲಿಷಿನ ಈ ಸೂತ್ರ ಹಚ್ಚಿದರೆ ಅಜ್ಜಿ ಕಥೆಯೂ ಪಿಎಚ್‌ಡಿ ಪ್ರಬಂಧವಾದೀತು.) ಇವೆಲ್ಲ ಉಪಯುಕ್ತವೇ. ಆದರೆ ಇವು ಅಳೆಯುವುದು ಪುಟದ ನಡವಳಿಕೆಯನ್ನು, ಒಳಗಿನ ಮಾತು ನಿಜವೋ ಅಲ್ಲವೋ ಎಂಬುದನ್ನಲ್ಲ. ಪುರಾವೆಯ ಸರಿತಪ್ಪು ತನ್ನ ಅಳತೆಗೆ ಸಿಗುವುದಿಲ್ಲವೆಂದು ಡಿಸರ್ನ್‌ನ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ಸರಳ ಭಾಷೆ, ಚೆಂದದ ಚಿತ್ರ, ತಜ್ಞರ ಹೆಸರು, ಮೂಲದ ಉಲ್ಲೇಖ ಎಲ್ಲವೂ ಇದ್ದು, ಓದಿದ ಹೆಂಗಸು ತಪ್ಪು ತೀರ್ಮಾನಕ್ಕೆ ಬರುವುದು ಪೂರ್ತಿ ಸಾಧ್ಯ.

ಹೇಗೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2008ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಮೆಶ್ ಬಗ್ಗೆ ಮೊದಲ ಎಚ್ಚರಿಕೆ ಹೊರಡಿಸಿತು. ಮೂರು ವರ್ಷಗಳಲ್ಲಿ ಒಂಬತ್ತು ಕಂಪನಿಗಳಿಂದ ಸಾವಿರಕ್ಕೂ ಹೆಚ್ಚು ದೂರಿನ ವರದಿಗಳು ಬಂದಿದ್ದವು. ಆದರೂ ಅದು ಬಳಸಿದ ಮಾತು 'ಅಪರೂಪ' ಎಂದು. 2011ರ ಜುಲೈನಲ್ಲಿ ಅದೇ ಸಂಸ್ಥೆ ಮಾತು ಬದಲಿಸಿತು: ಅಂಗ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕಿದ ಮೆಶ್‌ನಿಂದ ಬರುವ ಗಂಭೀರ ತೊಂದರೆಗಳು 'ಅಪರೂಪವಲ್ಲ'. ಈಗ 2009ರಲ್ಲಿ ಬರೆದ ಒಂದು ಪ್ರಾಮಾಣಿಕ ಪುಟವನ್ನು ಕಲ್ಪಿಸಿಕೊಳ್ಳಿ. ಅದು ಸರ್ಕಾರಿ ಸಂಸ್ಥೆಯನ್ನೇ ಉಲ್ಲೇಖಿಸಿದೆ, ದಿನಾಂಕ ಹಾಕಿದೆ, ಯಾವ ಕಂಪನಿಯ ದುಡ್ಡನ್ನೂ ಮುಟ್ಟಿಲ್ಲ. ಎಲ್ಲ ಮಾಪಕಗಳಲ್ಲೂ ಅದು ಪಾಸು. ಓದಿದವಳಿಗೆ ಸಿಕ್ಕಿದ್ದು ಮಾತ್ರ ಎರಡೇ ವರ್ಷದಲ್ಲಿ ಬಿದ್ದುಹೋದ ಭರವಸೆ.

ಈ 'ಅಪರೂಪ' ಎಂಬ ಮಾತು ಬಂದದ್ದಾದರೂ ಎಲ್ಲಿಂದ? ಅಮೆರಿಕದಲ್ಲಿ ಹೊಸ ಉಪಕರಣವೊಂದು ಮಾರುಕಟ್ಟೆಯಲ್ಲಿರುವ ಹಳೆಯದಕ್ಕೆ ಸಮಾನ ಎಂದು ತೋರಿಸಿದರೆ, ಹೆಂಗಸರ ಮೇಲೆ ದೊಡ್ಡ ಪ್ರಯೋಗ ನಡೆಸದೆಯೇ ಅನುಮತಿ ಸಿಗುವ ದಾರಿಯಿದೆ. ಬಾಸ್ಟನ್ ಸೈಂಟಿಫಿಕ್ ಕಂಪನಿಯ ಪ್ರೊಟೆಜೆನ್ ಎಂಬ ಪಟ್ಟಿಗೆ 1996ರಲ್ಲಿ ಅನುಮತಿ ಸಿಕ್ಕಿತು. ತೊಂದರೆಗಳು ಹೆಚ್ಚಾಗಿ 1999ರಲ್ಲಿ ಕಂಪನಿಯೇ ಅದನ್ನು ಹಿಂದಕ್ಕೆ ಪಡೆಯಿತು. ಆದರೆ ಅದಕ್ಕೆ 'ಸಮಾನ' ಎಂದು ಹೇಳಿಕೊಂಡು ಬಂದವು, ಆಮೇಲೆ ಅವಕ್ಕೂ ಸಮಾನ ಎಂದು ಬಂದವು, ಮಾರುಕಟ್ಟೆಯಲ್ಲೇ ಉಳಿದವು. ಆಕ್ಸ್‌ಫರ್ಡ್‌ನ ಕಾರ್ಲ್ ಹೆನೆಗನ್ ಮತ್ತು ಸಂಗಡಿಗರು 2017ರಲ್ಲಿ ಈ ವಂಶಾವಳಿಯನ್ನು ಬಿಡಿಸಿದರು. ಅಂಗ ಜಾರಿದ್ದಕ್ಕೆ ಬಳಸುವ 61 ಉಪಕರಣಗಳ ಅನುಮತಿಯ ಬೇರು ಹೋಗಿ ನಿಂತದ್ದು ಎರಡೇ ಎರಡು ಹಳೆಯ ವಸ್ತುಗಳ ಬಳಿ: 1985ರ ಒಂದು ಮೆಶ್, 1996ರ ಆ ಪ್ರೊಟೆಜೆನ್. ಅನುಮತಿಯ ಹೊತ್ತಿಗೆ ಯಾವುದರ ಬೆನ್ನಿಗೂ ಸರಿಯಾದ ಪ್ರಯೋಗ ಇರಲಿಲ್ಲ. ಮಾರಾಟಕ್ಕೆ ಬಂದ ಮೇಲೆ ಮೊದಲ ಪ್ರಯೋಗದ ಫಲಿತಾಂಶ ಅಚ್ಚಾಗಲು ಮಧ್ಯಮ ಲೆಕ್ಕದಲ್ಲಿ ಐದು ವರ್ಷ ಹಿಡಿಯಿತು. ಆ ಐದು ವರ್ಷ ರೋಗಿಗಳಿಗಾಗಿ ಬರೆದ ಪುಟಗಳಿಗೆ ಹೇಳಲು ಇದ್ದದ್ದೇನು? ಎಣಿಸದೇ ಇದ್ದುದರಿಂದ ಕಾಣಿಸದೇ ಹೋದ ಅಪಾಯಗಳು ಕಾಗದದ ಮೇಲೆ ಅಪರೂಪದ ಅಪಾಯಗಳಾದವು.

ಇದರರ್ಥ ಎಲ್ಲರೂ ಗೊತ್ತಿಲ್ಲದೆ ತಪ್ಪಿದರು ಎಂದಲ್ಲ. ಆಸ್ಟ್ರೇಲಿಯಾದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಪರವಾಗಿ ನಡೆದ ಮೊಕದ್ದಮೆಯಲ್ಲಿ 2019ರ ನವೆಂಬರ್‌ನಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಆ್ಯನಾ ಕಾಟ್ಸ್‌ಮನ್ ತೀರ್ಪು ಕೊಟ್ಟರು: ಜಾನ್ಸನ್ ಆ್ಯಂಡ್ ಜಾನ್ಸನ್ ಗುಂಪಿನ ಕಂಪನಿಗಳು ಅಪಾಯಗಳ ಬಗ್ಗೆ ಕೊಟ್ಟ ಮಾಹಿತಿ ತಪ್ಪು ದಾರಿಗೆಳೆಯುವಂಥದ್ದಾಗಿತ್ತು, ಕಂಪನಿಗಳು ನಿರ್ಲಕ್ಷ್ಯ ತೋರಿದ್ದವು. 2020ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯವೂ ಅದೇ ಕಂಪನಿಗೆ ಮೋಸದ ಪ್ರಚಾರಕ್ಕಾಗಿ 34.4 ಕೋಟಿ ಡಾಲರ್ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು 30.2 ಕೋಟಿಗೆ ಇಳಿದರೂ ತೀರ್ಪಿನ ತಿರುಳು ನಿಂತಿತು. ಗಮನಿಸಬೇಕಾದ್ದು ತಪ್ಪಿನ ಸ್ವರೂಪ. ಇಲ್ಲದ ಗುಣವನ್ನು ಹೊಗಳಿದ್ದಕ್ಕಿಂತ, ಗೊತ್ತಿದ್ದ ತೊಂದರೆಯನ್ನು ಹೇಳದೇ ಬಿಟ್ಟದ್ದು ಅಲ್ಲಿ ಹೆಚ್ಚು ಮುಖ್ಯವಾಯಿತು. ಮೆಶ್ ಯೋನಿಯ ಗೋಡೆ ಹರಿದು ಹೊರಬರುವುದು, ಬಿಡದ ನೋವು, ಗಂಡ ಹೆಂಡಿರ ಕೂಟದಲ್ಲಿ ನೋವು, ಮತ್ತೆ ಮತ್ತೆ ಆಪರೇಷನ್. ಎಲ್ಲಕ್ಕಿಂತ ಮುಖ್ಯವಾಗಿ, ಮೈಯ ಮಾಂಸ ಜಾಲರಿಯ ಕಣ್ಣುಗಳೊಳಗೆ ಬೆಳೆದುಕೊಳ್ಳುವುದರಿಂದ ಒಮ್ಮೆ ಹಾಕಿದ್ದನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ, ಕೆಲವೊಮ್ಮೆ ಅಸಾಧ್ಯ. ಆಪರೇಷನ್ ಎಷ್ಟು ಸುಲಭ ಎಂದು ಹೇಳುವ ಪುಟ ಅದನ್ನು ಹಿಂದಕ್ಕೆ ತಿರುಗಿಸುವುದು ಎಷ್ಟು ಕಷ್ಟ ಎಂದು ಹೇಳದಿದ್ದರೆ, ಅದರ ಒಂದೊಂದು ವಾಕ್ಯವೂ ಸತ್ಯವಾಗಿದ್ದು ಪುಟ ಮಾತ್ರ ಸುಳ್ಳಾಗಿರಬಹುದು.

ಇನ್ನು ಅಂಕಿಗಳ ಮಾತು. ಮೂತ್ರ ಜಿನುಗುವುದಕ್ಕೆ ಹಾಕುವ ಪಟ್ಟಿಯ ಬಗ್ಗೆ ಇಂಗ್ಲೆಂಡಿನ ಆಸ್ಪತ್ರೆ ದಾಖಲೆಗಳಿಂದ ಎರಡು ದೊಡ್ಡ ಅಧ್ಯಯನಗಳು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಬಂದವು. 2017ರದ್ದು 92,246 ಹೆಂಗಸರನ್ನು ನೋಡಿ, ಐದು ವರ್ಷದೊಳಗೆ ಶೇ. 9.8 ಮಂದಿಗೆ ಒಂದಲ್ಲ ಒಂದು ತೊಂದರೆ ದಾಖಲಾಗಿದೆ ಎಂದಿತು. 2018ರದ್ದು 95,057 ಹೆಂಗಸರನ್ನು ನೋಡಿ, ಒಂಬತ್ತು ವರ್ಷದೊಳಗೆ ಮೆಶ್ ತೆಗೆಸಿಕೊಂಡವರು ಶೇ. 3.3 ಎಂದಿತು. ಎರಡೂ ಸರಿಯಾದ ಅಂಕಿಗಳೇ. ಭಯ ಹುಟ್ಟಿಸಬೇಕಾದ ಪುಟ 'ಹತ್ತರಲ್ಲಿ ಒಬ್ಬರಿಗೆ ತೊಂದರೆ' ಎನ್ನುತ್ತದೆ, ಸಮಾಧಾನ ಹೇಳಬೇಕಾದ ಪುಟ 'ನೂರಕ್ಕೆ ತೊಂಬತ್ತಾರಕ್ಕೂ ಹೆಚ್ಚು ಮಂದಿ ಮೆಶ್ ತೆಗೆಸಿಕೊಳ್ಳಬೇಕಾಗಿಲ್ಲ' ಎನ್ನುತ್ತದೆ. ಎರಡನ್ನೂ ಓದಿದವಳು ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಾಳೆ. ನಿಜವಾಗಿ ಇಬ್ಬರೂ ಬೇರೆ ಬೇರೆ ಸಂಗತಿಯನ್ನು ಎಣಿಸಿದ್ದಾರೆ. ಅಷ್ಟೇ ಅಲ್ಲ, ಎರಡೂ ಎಣಿಸಿದ್ದು ಆಸ್ಪತ್ರೆಯ ಪುಸ್ತಕಕ್ಕೆ ಸೇರಿದ ತೊಂದರೆಯನ್ನು ಮಾತ್ರ. ನೋವು ನುಂಗಿಕೊಂಡು ಮನೆಯಲ್ಲೇ ಕುಳಿತವಳು, ಊರ ಡಾಕ್ಟರ ಮಾತ್ರೆಯಲ್ಲಿ ದಿನ ದೂಡುತ್ತಿರುವವಳು, ತೆಗೆಯಲಾಗುವುದಿಲ್ಲ ಎಂದು ಹೇಳಿಸಿಕೊಂಡು ವಾಪಸಾದವಳು ಈ ಲೆಕ್ಕದಲ್ಲಿ ಇಲ್ಲ. ಅಂಕಿ ಕೊಡುವ ಪುಟ ಏನನ್ನು, ಯಾರಲ್ಲಿ, ಎಷ್ಟು ಕಾಲ ಎಣಿಸಲಾಯಿತು ಎಂದು ಹೇಳದಿದ್ದರೆ ಅದು ಅಂಕಿ ಕೊಡದಿರುವುದೇ ವಾಸಿ.

ಹಾಗಾದರೆ ಅಂತರ್ಜಾಲ ಬಿಟ್ಟು ಡಾಕ್ಟರನ್ನೇ ನಂಬೋಣ ಎನ್ನುವವರಿದ್ದಾರೆ. ಸಾಮಾನ್ಯವಾಗಿ ಅದು ಒಳ್ಳೆಯ ಸಲಹೆಯೇ. ಆದರೆ ಈ ಪ್ರಕರಣದಲ್ಲಿ ಡಾಕ್ಟರೂ ಕುಡಿದದ್ದು ಅದೇ ಬಾವಿಯ ನೀರು. ಕಂಪನಿಯ ಸೂಚನಾಪತ್ರ, ಕಂಪನಿ ನಡೆಸಿದ ತರಬೇತಿ, ಕಂಪನಿಯ ನೆರವಿನ ಸಮ್ಮೇಳನ. ಇಂಗ್ಲೆಂಡಿನಲ್ಲಿ ಬ್ಯಾರನೆಸ್ ಜೂಲಿಯಾ ಕಂಬರ್ಲೆಜ್ ನೇತೃತ್ವದ ಸಮಿತಿ 2020ರ ಜುಲೈನಲ್ಲಿ ಕೊಟ್ಟ ವರದಿಯನ್ನು ಓದಿದರೆ ಡಾಕ್ಟರ ಕೋಣೆಯೊಳಗೆ ನಡೆದದ್ದೂ ಗೊತ್ತಾಗುತ್ತದೆ. ಒಪ್ಪಿಗೆಗೆ ಸಹಿ ಹಾಕುವಾಗ ಎಷ್ಟೋ ಮಂದಿಗೆ ಅಪಾಯ ತಿಳಿಸಿರಲಿಲ್ಲ. ತಮ್ಮೊಳಗೆ ಮೆಶ್ ಇದೆ ಎಂಬುದೇ ಹಲವರಿಗೆ ಗೊತ್ತಿರಲಿಲ್ಲ, ಅವರಿಗೆ ಹೇಳಿದ್ದು 'ಟೇಪ್' ಅಥವಾ 'ಸ್ಲಿಂಗ್' ಎಂದು. ಆಮೇಲೆ ನೋವೆಂದು ಹೋದಾಗ ವಯಸ್ಸಿಗೆ ಸಹಜ, ಮನಸ್ಸಿನ ಭ್ರಮೆ ಎಂದು ಕಳಿಸಿದರು. ತನ್ನ ಮೈಯಲ್ಲಿರುವ ವಸ್ತುವಿನ ಹೆಸರೇ ಗೊತ್ತಿಲ್ಲದವಳು ಯಾವ ಪದ ಹಾಕಿ ಹುಡುಕಬೇಕು? ಎಷ್ಟು ಒಳ್ಳೆಯ ಪುಟ ಎಲ್ಲಿದ್ದರೂ ಅವಳಿಗೆ ಅದು ಸಿಗುವುದಿಲ್ಲ.

ಆ ಹೆಂಗಸರು ಕಡೆಗೆ ಸಿಕ್ಕಿದ್ದು ಒಬ್ಬರಿಗೊಬ್ಬರು. ಇಂಗ್ಲೆಂಡಿನಲ್ಲಿ ಪತ್ರಕರ್ತೆ ಕ್ಯಾತ್ ಸ್ಯಾನ್ಸಮ್ ಕಟ್ಟಿದ 'ಸ್ಲಿಂಗ್ ದ ಮೆಶ್' ಗುಂಪು ಬೆಳೆದದ್ದು ಮುಖ್ಯವಾಗಿ ಫೇಸ್‌ಬುಕ್‌ನಲ್ಲಿ. ಸ್ಕಾಟ್ಲೆಂಡಿನ ಹೆಂಗಸರ ಒತ್ತಾಯಕ್ಕೆ ಅಲ್ಲಿನ ಆರೋಗ್ಯ ಸಚಿವರು 2014ರಲ್ಲೇ ಆಪರೇಷನ್ ನಿಲ್ಲಿಸುವಂತೆ ಆಸ್ಪತ್ರೆಗಳಿಗೆ ಹೇಳಿದರು, ಇಂಗ್ಲೆಂಡಿಗಿಂತ ನಾಲ್ಕು ವರ್ಷ ಮೊದಲು. ಗುಣಮಟ್ಟದ ಮಾಪಕಗಳ ಪ್ರಕಾರ ಇಂಥ ಗುಂಪುಗಳ ಪುಟ ತೀರಾ ಕೆಳದರ್ಜೆಯದು. ಮೂಲವಿಲ್ಲ, ತಜ್ಞರಿಲ್ಲ, ಬರೀ ಅನುಭವ. ಆದರೂ ಬಿಡದ ನೋವು ನಿಜ ಎಂಬ ಮಾತಿನಲ್ಲಿ ಅವು ತಜ್ಞ ಸಂಸ್ಥೆಗಳಿಗಿಂತ ಮೊದಲೇ ಸರಿಯಾಗಿದ್ದವು. ಹಾಗೆಂದು ಅವನ್ನೇ ಪೂರ್ತಿ ನೆಚ್ಚುವಂತಿಲ್ಲ. ಚೆನ್ನಾಗಿರುವವಳು ಅಲ್ಲಿಗೆ ಬರುವುದಿಲ್ಲ, ಆದ್ದರಿಂದ ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ತೊಂದರೆ ಎಂದು ಆ ಗುಂಪು ಹೇಳಲಾರದು. ಇನ್ನೊಂದು ಅಪಾಯವೂ ಇದೆ. ಅಮೆರಿಕದಲ್ಲಿ ಮೆಶ್ ಮೊಕದ್ದಮೆಗಳು ಒಂದು ಲಕ್ಷ ದಾಟಿದಾಗ ಟೀವಿಯಲ್ಲೂ ಅಂತರ್ಜಾಲದಲ್ಲೂ ವಕೀಲರ ಜಾಹೀರಾತು ತುಂಬಿಕೊಂಡಿತು. ಮೆಶ್ ತೆಗೆಸಿಕೊಂಡವರಿಗೆ ಪರಿಹಾರ ಹೆಚ್ಚು ಸಿಗುತ್ತದೆ ಎಂಬ ಕಾರಣಕ್ಕೆ, ಅಗತ್ಯವಿಲ್ಲದವರನ್ನೂ ಫೋನ್ ಮಾಡಿ ಪುಸಲಾಯಿಸಿ, ಸಾಲ ಕೊಡಿಸಿ, ದೂರದ ಕ್ಲಿನಿಕ್ಕುಗಳಿಗೆ ಕಳಿಸಿ ತೆಗೆಸುವ ದಂಧೆಯನ್ನು ನ್ಯೂಯಾರ್ಕ್ ಟೈಮ್ಸ್ 2018ರಲ್ಲಿ ಬಯಲಿಗೆಳೆಯಿತು. ಹಾಕುವಾಗ ಒಬ್ಬರು ದುಡ್ಡು ಮಾಡಿಕೊಂಡರು, ತೆಗೆಯುವಾಗ ಇನ್ನೊಬ್ಬರು.

ವೈದ್ಯರ ಕಡೆಯಿಂದ ಬರುವ ಒಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಪಾಯವನ್ನೇ ಎತ್ತಿ ಆಡಿದರೆ ಉಪಯೋಗವಾಗಬಹುದಾದವರೂ ಹೆದರಿ ದೂರ ಉಳಿಯುತ್ತಾರೆ. ಮೂತ್ರನಾಳದ ಪಟ್ಟಿಯಷ್ಟು ಅಧ್ಯಯನಕ್ಕೆ ಒಳಗಾದ ಆಪರೇಷನ್ ಈ ಕ್ಷೇತ್ರದಲ್ಲಿ ಬೇರೊಂದಿಲ್ಲ, ಬಹುಪಾಲು ಹೆಂಗಸರಿಗೆ ಅದರಿಂದ ಗುಣವಾಗಿದೆ ಎಂದು ಅವರು ಹೇಳುತ್ತಾರೆ. ಮಾತು ನಿಜ. ಇಂಗ್ಲೆಂಡಿನಲ್ಲಿ ತಡೆ ಬರುವ ಮೊದಲೇ, 2008-09ರಲ್ಲಿ 13,990 ಇದ್ದ ಈ ಆಪರೇಷನ್ನುಗಳು 2016-17ಕ್ಕೆ 7,245ಕ್ಕೆ ಇಳಿದಿದ್ದವು. ದೂರವಾದವರಲ್ಲಿ ಬೇಕಾಗಿದ್ದವರೂ ಇದ್ದಾರು. ಆದರೆ ಇದಕ್ಕೆ ಮದ್ದು ಅಪಾಯವನ್ನು ಮೆಲುದನಿಯಲ್ಲಿ ಹೇಳುವುದಲ್ಲ. ನಂಬಿಕೆ ಕೆಟ್ಟದ್ದೇ ಹಾಗೆ ಹೇಳಿದ್ದರಿಂದ. ಜಾರಿದ ಅಂಗಕ್ಕೆ ಹಾಕುವ ಮೆಶ್ ಬಗ್ಗೆ ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ ನಡೆದ ಪ್ರಾಸ್ಪೆಕ್ಟ್ ಪ್ರಯೋಗ 2017ರಲ್ಲಿ ಹೇಳಿದ್ದೇನು? ಮೊದಲ ಎರಡು ವರ್ಷದಲ್ಲಿ ಮೆಶ್ ಹಾಕಿದ್ದಕ್ಕೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ, ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮೆಶ್ ಸಂಬಂಧದ ತೊಂದರೆ ಕಾಣಿಸಿತು ಎಂದು. ಲಾಭ ಇಲ್ಲದ ಕಡೆ ಅಪಾಯದ ಮಾತು ಜೋರಾಗಿಯೇ ಬರಲಿ. ಲಾಭ ಇರುವ ಕಡೆ ಎರಡನ್ನೂ ಅಕ್ಕಪಕ್ಕ ಇಡಲಿ.

ಅಕ್ಕಪಕ್ಕ ಇಡುವುದು ಸಾಧ್ಯ ಎಂಬುದಕ್ಕೆ ಮಾದರಿಯೂ ಇದೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ಮಾರ್ಗಸೂಚಿಯ ಜೊತೆಗೆ ಹೆಂಗಸರೇ ಓದಿ ತೀರ್ಮಾನಿಸಲು ನೆರವಾಗುವ ಕೈಹೊತ್ತಗೆಗಳನ್ನು ಹೊರತಂದಿತು. ಅದು ಮೊದಲು ಕೇಳುವುದೇ ಆಪರೇಷನ್ ಬೇಕೇ ಎಂದು. ಮೂತ್ರ ಜಿನುಗುವ ತೊಂದರೆ ಇರುವವರು ಮೊದಲು ತರಬೇತಾದವರ ಉಸ್ತುವಾರಿಯಲ್ಲಿ ಕನಿಷ್ಠ ಮೂರು ತಿಂಗಳು ಕೆಳಸ್ನಾಯುಗಳ ವ್ಯಾಯಾಮ ಮಾಡಲಿ ಎನ್ನುತ್ತದೆ. ಅಂಗ ಜಾರಿದವರಿಗೆ ಪೆಸರಿ ಎಂಬ ಉಂಗುರ ಇದೆ ಎಂದು ತಿಳಿಸುತ್ತದೆ. ಮೆಶ್ ಇಲ್ಲದ ಆಪರೇಷನ್ನುಗಳನ್ನೂ ಸಾಲಿನಲ್ಲಿ ಇಡುತ್ತದೆ. ಅವುಗಳಲ್ಲಿ ಒಂದನ್ನು ಅಮೆರಿಕದ ಜಾನ್ ಬರ್ಚ್ 1961ರಲ್ಲೇ ತಿಳಿಸಿದ್ದರು. ಮೆಶ್ ಬಂದ ಮೇಲೆ ಅಂಥ ಕೈಕೆಲಸ ಕಲಿತವರೇ ಕಡಿಮೆಯಾದರು ಎಂಬುದು ಬೇರೆ ಕತೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ದೀರ್ಘಕಾಲದ ತೊಂದರೆಗಳು ಎಷ್ಟು ಎಂಬುದು ಖಚಿತವಾಗಿ ಗೊತ್ತಿಲ್ಲ ಎಂದು, ಅದರಲ್ಲೂ ಮೆಶ್ ವಿಷಯದಲ್ಲಿ, ಹೆಂಗಸರಿಗೆ ಬಾಯಿಬಿಟ್ಟು ಹೇಳಬೇಕು ಎಂದು ಅದು ವೈದ್ಯರಿಗೆ ಸೂಚಿಸುತ್ತದೆ. ಹೆಚ್ಚು ಹೇಳಿದರೆ ರೋಗಿಗಳಿಗೆ ಗೊಂದಲ ಎನ್ನುವವರು ಈ ಹೊತ್ತಗೆಗಳನ್ನು ನೋಡಬೇಕು. ಯಾವ ಆಸ್ಪತ್ರೆಯ ಜಾಹೀರಾತು ಪುಟದಲ್ಲಿ 'ನಮಗೆ ಗೊತ್ತಿಲ್ಲ' ಎಂಬ ಸಾಲು ಕಂಡೀತು?

ನಮ್ಮ ದೇಶದ ಮಟ್ಟಿಗೆ ಪ್ರಶ್ನೆ ಇನ್ನೂ ಹರಿತ. ಜಾರಿದ ಗರ್ಭಕೋಶವನ್ನು ಪಟ್ಟಿಯಿಂದ ಎತ್ತಿ ಕಟ್ಟುವ ಕೆಲಸ ಭಾರತಕ್ಕೆ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಓದಿ ಮುಂಬಯಿಯಲ್ಲಿ ಹೆಸರಾದ ಡಾ. ವಿ. ಎನ್. ಶಿರೋಡ್ಕರ್, ಬಸುರಿಯರಿಗೆ ಹಾಕುವ 'ಶಿರೋಡ್ಕರ್ ಹೊಲಿಗೆ'ಯಿಂದ ನಮಗೆಲ್ಲ ಗೊತ್ತಿರುವವರು, ಇಂಥ ಒಂದು ಆಪರೇಷನ್ನಿಗೂ ಹೆಸರು ಕೊಟ್ಟಿದ್ದಾರೆ. ಚಿಕಿತ್ಸೆಗೆ ರೋಗಿಯ ಒಪ್ಪಿಗೆ ಪಡೆಯುವ ಬಗ್ಗೆ ಕಾನೂನೂ ಇದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಗಣನೀಯ ಅಪಾಯಗಳು, ಬೇಡವೆಂದರೆ ಏನಾದೀತು ಎಂಬುದನ್ನು ಡಾಕ್ಟರು ತಿಳಿಸಲೇಬೇಕೆಂದಿತು. ಆದರೆ ತೀರಾ ದೂರದ ಅಪಾಯಗಳನ್ನು ಹೇಳಬೇಕಿಲ್ಲ ಎಂದೂ ಸೇರಿಸಿತು. ಎಫ್‌ಡಿಎ ಮೆಶ್ ತೊಂದರೆಯನ್ನು 'ಅಪರೂಪ' ಎಂದದ್ದೂ ಅದೇ ವರ್ಷ! ಯಾವ ಅಪಾಯ ದೂರದ್ದು, ಯಾವುದು ಹತ್ತಿರದ್ದು ಎಂದು ಹೇಳಲು ಯಾರಾದರೂ ಎಣಿಸಿರಬೇಕು. ಮೆಶ್ ಹಾಕಿಸಿಕೊಂಡವರೆಲ್ಲರ ರಾಷ್ಟ್ರೀಯ ದಾಖಲೆಪಟ್ಟಿ ನಮ್ಮಲ್ಲಿಲ್ಲ. ಉಪಕರಣಗಳ ತೊಂದರೆ ದಾಖಲಿಸಲು 2015ರ ಜುಲೈನಲ್ಲಿ ಶುರುವಾದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ ಇದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಆದರೆ ಅಂಥ ವರದಿ ಯಾರಾದರೂ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಹೀಗಿರುವಾಗ ಕನ್ನಡದಲ್ಲಿ ಓದುವವಳಿಗೆ ಸಿಗುವ ಅಂಕಿ ಬೇರೆ ದೇಶದ ಹೆಂಗಸರದ್ದು, ಯಂತ್ರ ಅನುವಾದಿಸಿದ ಪುಟವಾದರೆ ಮೂಲದಲ್ಲಿ ಬಿಟ್ಟದ್ದು ಇಲ್ಲಿಯೂ ಬಿಟ್ಟೇ ಬರುತ್ತದೆ. ಈಗ ಕೃತಕ ಬುದ್ಧಿಮತ್ತೆ ಹತ್ತು ಪುಟ ಕೂಡಿಸಿ ಕೊಡುವ ಉತ್ತರದಲ್ಲಂತೂ 2009ರ ಮಾತು ಯಾವುದು, 2019ರ ಮಾತು ಯಾವುದು ಎಂಬುದು ಎಷ್ಟೋ ಸಲ ಕಾಣುವುದೇ ಇಲ್ಲ.

ಆದ್ದರಿಂದ ಪುಟ ತೆರೆದಾಗ ಕೊನೆಯ ಪರಿಷ್ಕರಣೆಯ ದಿನಾಂಕ ನೋಡಿ. 2019ಕ್ಕಿಂತ ಹಿಂದಿನದಾದರೆ ಮುಚ್ಚಿ. ಮೆಶ್ ಇಲ್ಲದ ದಾರಿ, ತೆಗೆಯುವ ಕಷ್ಟ ಈ ಎರಡೂ ಇಲ್ಲದಿದ್ದರೂ ಮುಚ್ಚಿ. ಡಾಕ್ಟರು ಸ್ಲಿಂಗ್ ಎನ್ನಲಿ, ಟೇಪ್ ಎನ್ನಲಿ, ಅದು ಪ್ಲಾಸ್ಟಿಕ್ ಮೆಶ್ ಹೌದೋ ಅಲ್ಲವೋ ಎಂದು ನೇರವಾಗಿ ಕೇಳಿ. ಆಪರೇಷನ್ ಮಾಡಿಸಿಕೊಂಡರೆ ಉಪಕರಣದ ಹೆಸರು, ತಯಾರಿಸಿದ ಕಂಪನಿ, ಬ್ಯಾಚ್ ನಂಬರು, ಹಾಕಿದ ದಿನಾಂಕ ಮತ್ತು ಸರ್ಜನ್ನರ ಹೆಸರನ್ನು ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ, ಅದರ ಒಂದು ಪ್ರತಿ ಮನೆಯಲ್ಲಿ ಇಡಿ. ಇಂಗ್ಲೆಂಡಿನ ಹೆಂಗಸರಿಗೆ ಇಂಥ ಮಾಹಿತಿಯನ್ನು ಬರೆದು ಕೊಡಬೇಕೆಂಬ ಸೂಚನೆ ಬಂದದ್ದು 2019ರಲ್ಲಿ, ಅಷ್ಟರೊಳಗೆ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಮೆಶ್ ಹಾಕಿ ಆಗಿತ್ತು.